ಕೆಡ್ಡಸಕ್ಕೆ ಹನ್ನೆರಡು ತೋಟೆ

ಇಚಿಲಂಪಾಡಿಯ ಗೌಡರು ಪುತ್ತೂರಿನ ನಮ್ಮ ಅಂಗಡಿಗೆ ಬಂದ ದಿನ ಅವರ ಒಂದು ಕೈಯಲ್ಲಿ ಗೋಣಿಬಟ್ಟೆ ಸುತ್ತಿದ ರೈಫಲ್, ಇನ್ನೊಂದು ಕೈಯಲ್ಲಿ ಬಿಸ್ಕತ್ತಿನ ಹಳೆಯ ಡಬ್ಬ ಇತ್ತು. ಡಬ್ಬದ ಮುಚ್ಚಳ ತೆಗೆದು ನನ್ನ ಮೇಜಿನ ಮೇಲೆ ಬೋರಲು ಹಾಕಿದರು. ಹಿತ್ತಾಳೆಯ ನಲವತ್ತು ಖಾಲಿ ತೋಟೆಗಳು ಉರುಳಾಡಿದವು. ಎಲ್ಲವೂ ಒಮ್ಮೆ ಹೊಡೆದು ಬಿಟ್ಟವು, ಬಣ್ಣಗೆಟ್ಟವು, ಕೆಲವಕ್ಕೆ ಹಸಿರು ಕಿಲುಬು ಹಿಡಿದಿತ್ತು.

"ಇದಕ್ಕೆ ಪುನಃ ಮದ್ದು ತುಂಬ್ಲಿಕ್ಕೆ ಆಗ್ತದಾ?" ಎಂದು ಕೇಳಿದರು.

"ಆಗ್ತದೆ" ಎಂದೆ. ಅಂಗಡಿಯ ಯಜಮಾನರು ಒಳಗಿನಿಂದ ಬರುವವರೆಗೂ ಕಾಯಲಿಲ್ಲ. ದಂಡಿನ ತೋಟೆ ಡಿಪೋದಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದವನು ಎಂಬ ಕೊಬ್ಬು ಆಗ ನನಗೆ ಇತ್ತು. ಪುತ್ತೂರು, ಸುಳ್ಯ ಎರಡೂ ಕಡೆ ಹುಡುಕಿದರೂ ರೈಫಲಿನ ತೋಟೆಯ ವಿಷಯ ನನ್ನಷ್ಟು ತಿಳಿದವನು ಇಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಬೇರೆ ಯಾರೂ ಹಾಗೆ ಹೇಳಿರಲಿಲ್ಲ.

ನಮ್ಮದು ಕೋವಿ ರಿಪೇರಿಗೂ ತೋಟೆ ತುಂಬುವುದಕ್ಕೂ ಲೈಸೆನ್ಸ್ ಇದ್ದ ಅಂಗಡಿ. ಬರುತ್ತಿದ್ದವುಗಳಲ್ಲಿ ಹೆಚ್ಚಿನವು ಬಾಯಿಯಿಂದ ಮದ್ದು ಜಡಿಯುವ ಕೇಪಿನ ಕೋವಿಗಳು. ಅಲ್ಲೊಂದು ಇಲ್ಲೊಂದು ತೋಟೆ ಹಾಕುವ ಕೋವಿ. ಚರೆ ತುಂಬುವ ದಪ್ಪ ತೋಟೆಗಳನ್ನು ಯಜಮಾನರು ಮಾತಾಡುತ್ತಾ ಮಾತಾಡುತ್ತಾ ತುಂಬಿಸಿ ಎಸೆಯುತ್ತಿದ್ದರು. ರೈಫಲಿನದು ಹಾಗಲ್ಲ. ಅದರ ಒಳಗೆ ಒತ್ತಡ ಎಷ್ಟೋ ಪಾಲು ಹೆಚ್ಚು. ಅದನ್ನೆಲ್ಲ ತಡೆಯುವುದು ಬೆರಳಿನ ಗಾತ್ರದ ಆ ಹಿತ್ತಾಳೆಯ ಕೊಳವೆ. ಹೊಡೆದಾಗ ಅದು ಹಿಗ್ಗಿ ನಳಿಗೆಯ ಗೋಡೆಗೆ ಅಂಟಿ, ಬಿಸಿ ಗಾಳಿ ಹಿಂದಕ್ಕೆ ಬಾರದಂತೆ ಮುಚ್ಚುತ್ತದೆ. ಅದು ಬುಡದಲ್ಲಿ ಸೀಳಿತು ಎಂದರೆ ಬೆಂಕಿಯಂಥ ಗಾಳಿ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟಿನ ಸಂದಿಯಿಂದ ಹೊಡೆಯುವವನ ಮುಖಕ್ಕೇ ಬರುತ್ತದೆ. ಡಿಪೋದಲ್ಲಿ ನಮಗೆ ಪಾಠ ಹೇಳುತ್ತಿದ್ದ ಹವಾಲ್ದಾರರಿಗೆ ಬಲಗಣ್ಣು ಇರಲಿಲ್ಲ. ಅವರು ಈ ಪಾಠವನ್ನು ಎರಡು ಸಲ ಹೇಳಬೇಕಾಗಿ ಬರುತ್ತಿರಲಿಲ್ಲ.

ಗೌಡರ ರೈಫಲ್ ಮಡಿಕೇರಿ ಕಡೆಯ ಕಾಫಿ ತೋಟದ ದೊರೆಯೊಬ್ಬ ಊರು ಬಿಟ್ಟು ಹೋಗುವಾಗ ಮಾರಿದ್ದು. ಅದರ ಅಳತೆಯ ತೋಟೆ ನಮ್ಮ ದೇಶದಲ್ಲಿ ತಯಾರಾಗುತ್ತಿರಲಿಲ್ಲ, ವಿಲಾಯಿತಿಯಿಂದ ಬರುವುದೂ ನಿಂತು ಹೋಗಿತ್ತು. ದೊರೆ ಒಳ್ಳೆಯವನು, ಜೊತೆಗೆ ತನ್ನ ಸರಂಜಾಮನ್ನೂ ಕೊಟ್ಟು ಹೋಗಿದ್ದ: ತೋಟೆ ತುಂಬುವ ಕೈ ಉಪಕರಣ, ಸೀಲು ಒಡೆಯದ ಒಂದು ಡಬ್ಬ ಮದ್ದು, ಕೇಪು, ಗುಂಡುಗಳ ಪೆಟ್ಟಿಗೆ, ಮದ್ದಿನ ತೂಕ ಬರೆದ ಒಂದು ಚೀಟಿ. ಇದ್ದ ಹೊಸ ತೋಟೆಗಳನ್ನು ಗೌಡರು ನಾಲ್ಕು ವರ್ಷದಲ್ಲಿ ಹೊಡೆದು ಮುಗಿಸಿದ್ದರು.

"ಕೆಡ್ಡಸಕ್ಕೆ ಆಗ್ಬೇಕು. ಒಂದು ಡಜನ್ ಆದ್ರೆ ಸಾಕು. ಆದ್ರೆ ಆಗ್ಲೇಬೇಕು" ಎಂದರು.

ಕೆಡ್ಡಸವೆಂದರೆ ಭೂಮಿತಾಯಿ ಮುಟ್ಟಾಗುವ ಮೂರು ದಿನ. ಆಗ ನೆಲ ಅಗೆಯುವಂತಿಲ್ಲ, ಗದ್ದೆಗೆ ನೇಗಿಲು ಇಳಿಸುವಂತಿಲ್ಲ. ಗಂಡಸರೆಲ್ಲ ಸೇರಿ ಬೇಟೆಗೆ ಹೋಗುವುದು ಪದ್ಧತಿ. ಅವರ ಗ್ರಾಮದಲ್ಲಿ ಆ ಬೇಟೆಯ ಮೊದಲ ಈಡು ಗೌಡರ ಮನೆಯದು. ಹಂದಿ ಓಡಿ ಬರುವ ಗಂಡಿಯಲ್ಲಿ ಆ ಮನೆಯ ಯಜಮಾನ ನಿಲ್ಲಬೇಕು, ಅವನ ಕೋವಿ ಕೂಗುವವರೆಗೆ ಬೇರೆ ಯಾರೂ ಕೈ ಎತ್ತಬಾರದು. ಅವರ ಅಜ್ಜ ನಿಂತಿದ್ದರು, ಅಪ್ಪ ನಿಂತಿದ್ದರು. ಯಾವ ಕಾರಣಕ್ಕಾದರೂ ಒಂದು ವರ್ಷ ಬೇರೆ ಮನೆಗೆ ಬಿಟ್ಟುಕೊಟ್ಟರೆ ಅದು ಆ ಮನೆಯದೇ ಆಗಿಬಿಡುತ್ತದೆ, ಮರಳಿ ಕೇಳುವಂತಿಲ್ಲ. ಹೊಳೆಯಾಚೆಯ ಮನೆಯವರು ಅದಕ್ಕೇ ಎರಡು ತಲೆಮಾರಿನಿಂದ ಕಾಯುತ್ತಿದ್ದಾರೆ ಎಂದು ಗೌಡರು ನಗುತ್ತಾ ಹೇಳಿದರು. ನಗುವಿನ ಹಿಂದೆ ನಗು ಇರಲಿಲ್ಲ.

"ಬೇರೆ ಕೇಪಿನ ಕೋವಿ ಹಿಡ್ಕೊಂಡು ನಿಲ್ಲಬಹುದಲ್ಲ?" ಎಂದೆ.

"ನಮ್ಮ ಮನೆ ಲೈಸೆನ್ಸಿನಲ್ಲಿ ಇರುದು ಇದೊಂದೇ ಮಾರಾಯ್ರೆ. ಇನ್ನೊಬ್ಬರ ಕೋವಿ ಬೇಡಿ ನಿಲ್ಲುದಕ್ಕಿಂತ ಬಿಟ್ಟುಕೊಡುದೇ ಮರ್ಯಾದೆ."

ಎರಡು ತಿಂಗಳು ಸಮಯವಿತ್ತು. ಮೊದಲು ತೋಟೆಗಳನ್ನು ಹುಣಸೆಹುಳಿ ನೀರಿನಲ್ಲಿ ತೊಳೆದೆ. ದೇವರ ಹರಿವಾಣ ತೊಳೆಯುವ ಹಾಗೆ ನೆನೆಸಿಟ್ಟು ಮರೆತರೆ ಹಿತ್ತಾಳೆಯ ಸತ್ವ ಹೋಗಿ ಕೆಂಪಾಗುತ್ತದೆ. ಆದ್ದರಿಂದ ಅದ್ದುವುದು, ಉಜ್ಜುವುದು, ಕೂಡಲೇ ಒಳ್ಳೆಯ ನೀರಿಗೆ ಹಾಕುವುದು. ಬಿಸಿಲಿನಲ್ಲಿ ಒಣಗಿಸಿದ ಮೇಲೆ ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದೆ. ಬಿರುಕು ಕಾಣಲಿಲ್ಲ.

ಆಮೇಲೆ ಬುಡದಲ್ಲಿ ಕಿಡಿ ಹೊತ್ತಿಸುವ ಹಳೆಯ ಕೇಪು ತೆಗೆಯುವ ಕೆಲಸ. ಬೇರೆ ಕೆಲವು ತೋಟೆಗಳ ಬುಡದಲ್ಲಿ ನಡುವೆ ಒಂದು ತೂತು ಇರುತ್ತದೆ, ಒಳಗಿನಿಂದ ಮೊಳೆ ಇಟ್ಟು ತಟ್ಟಿದರೆ ಕೇಪು ಉದುರುತ್ತದೆ. ಈ ವಿಲಾಯಿತಿ ತೋಟೆಯಲ್ಲಿ ನಡುವೆ ತೂತಿಲ್ಲ, ಬದಿಯಲ್ಲಿ ಎರಡು ಸೂಜಿಕಣ್ಣು ಮಾತ್ರ. ಅದಕ್ಕೆ ನೀರಿನ ಉಪಾಯ. ತೋಟೆಯ ತುಂಬ ನೀರು ಹಾಕಿ, ಬಾಯಿಗೆ ಸರಿಯಾಗಿ ಕೂರುವ ಉಕ್ಕಿನ ಸಲಾಕೆ ಇಟ್ಟು, ಸುತ್ತಿಗೆಯಿಂದ ಒಂದು ಪೆಟ್ಟು. ನೀರು ಬೇರೆ ದಾರಿ ಕಾಣದೆ ಆ ಸೂಜಿಕಣ್ಣಿನಿಂದ ನುಗ್ಗಿ ಕೇಪನ್ನು ಹೊರಗೆ ತಳ್ಳುತ್ತದೆ. ಸಲಾಕೆ ಸಡಿಲವಿದ್ದರೆ ನೀರು ನಮ್ಮ ಮುಖಕ್ಕೆ. ಮೊದಲ ದಿನ ನಾನು, ನನ್ನ ಮೇಜು, ಪಕ್ಕದಲ್ಲಿ ಪೇಪರು ಓದುತ್ತಿದ್ದ ಯಜಮಾನರು ಮೂವರೂ ಒದ್ದೆಯಾದೆವು. "ನಿನ್ನ ದಂಡಿನಲ್ಲಿ ಇದನ್ನೇ ಕಲ್ಸಿದ್ದಾ?" ಎಂದು ಅವರು ಪೇಪರನ್ನು ಬಿಸಿಲಿಗೆ ಹರಡಿದರು. ಮರುದಿನ ಲೇತಿನಲ್ಲಿ ಸಲಾಕೆಯನ್ನು ಹೊಸದಾಗಿ ತಿರುಗಿಸಿ ಮಾಡಿಕೊಂಡೆ.

ದೊರೆಯ ಉಪಕರಣ ದೊಡ್ಡ ಅಡಕತ್ತರಿಯ ಹಾಗಿತ್ತು. ಎರಡು ಹಿಡಿ, ನಡುವೆ ಬೇರೆ ಬೇರೆ ಅಚ್ಚು ಕೂರಿಸುವ ಜಾಗ. ಹೊಡೆದ ತೋಟೆಯ ಕುತ್ತಿಗೆ ಹಿಗ್ಗಿರುತ್ತದೆ. ಅದನ್ನು ಅಚ್ಚಿನಲ್ಲಿ ಒತ್ತಿ ಮತ್ತೆ ಗುಂಡು ಬಿಗಿಯಾಗಿ ಕೂರುವಷ್ಟು ಕಿರಿದು ಮಾಡಬೇಕು. ತೋಟೆಗೆ ಹರಳೆಣ್ಣೆ ಸವರಬೇಕು. ಎಣ್ಣೆ ಕಡಿಮೆಯಾದರೆ ತೋಟೆ ಅಚ್ಚಿನಲ್ಲಿ ಸಿಕ್ಕಿಕೊಳ್ಳುತ್ತದೆ, ಹೆಚ್ಚಾದರೆ ಕುತ್ತಿಗೆಯ ಕೆಳಗಿನ ಹೆಗಲಿನಲ್ಲಿ ನಗ್ಗುತ್ತದೆ. ಮದ್ದು ತೂಗುವುದಕ್ಕೆ ಪೇಟೆಯ ಅಕ್ಕಸಾಲಿಗರಿಂದ ತಕ್ಕಡಿ ಎರವಲು ತಂದೆ. "ಚಿನ್ನ ತೂಗಿದ ತಕ್ಕಡಿ, ಮದ್ದು ತೂಗಿ ಹಾರಿಸಿಬಿಡ್ಬೇಡಿ" ಎಂದು ಅವರು ಕೊಟ್ಟರು. ದೊರೆಯ ಚೀಟಿಯಲ್ಲಿ ಇದ್ದ ತೂಕಕ್ಕಿಂತ ಕಡಿಮೆಯಿಂದ ಶುರು ಮಾಡಿದೆ. ಒಂದು ತೋಟೆಗೆ ಎರಡು ಸಲ ಮದ್ದು ಬಿದ್ದುಬಿಟ್ಟರೆ ಕಥೆ ಮುಗಿಯಿತು. ಆದ್ದರಿಂದ ತುಂಬಿದವುಗಳನ್ನೆಲ್ಲ ಹಲಗೆಯ ತೂತುಗಳಲ್ಲಿ ನಿಲ್ಲಿಸಿ, ಬಾಗಿಲ ಬೆಳಕಿಗೆ ಹಿಡಿದು ಒಳಗಿನ ಮಟ್ಟ ನೋಡಿ, ಆಮೇಲೆ ಮಾತ್ರ ಗುಂಡು ಕೂರಿಸುತ್ತಿದ್ದೆ.

ಊರಿನ ಹೊರಗೆ ಮುರಕಲ್ಲು ಎನ್ನುವ ಕೆಂಪುಕಲ್ಲು ಕಡಿದು ಬಿಟ್ಟ ಹಳ್ಳವೊಂದಿತ್ತು. ಮೊದಲ ಐದು ತೋಟೆಗಳನ್ನು ಅಲ್ಲಿ ಪರೀಕ್ಷಿಸಿದೆವು. ರೈಫಲನ್ನು ಮರದ ದಿಮ್ಮಿಗೆ ಕಟ್ಟಿ, ಬೆರಳಿನಿಂದ ಎಳೆಯುವ ಕುದುರೆಗೆ ಹುರಿ ಹಾಕಿ, ಕಲ್ಲಿನ ಗೋಡೆಯ ಮರೆಯಿಂದ ಎಳೆಯುವುದು. ಐದೂ ಹಾರಿದವು. ಹೊರಗೆ ತೆಗೆದು ನೋಡಿದರೆ ಎರಡರ ಕುತ್ತಿಗೆ ಉದ್ದಕ್ಕೆ ಸೀಳಿತ್ತು.

ಕುತ್ತಿಗೆ ಸೀಳಿದರೆ ಗುರಿ ಕೆಡುತ್ತದೆ, ಪ್ರಾಣಕ್ಕೇನೂ ಇಲ್ಲ. ಆದರೂ ನನಗೆ ಕೆಟ್ಟ ಸಿಟ್ಟು ಬಂತು. ಹಿತ್ತಾಳೆ ಹಳೆಯದು, ಪೆಡಸಾಗಿದೆ ಎಂದುಕೊಂಡೆ. ಪೆಡಸಾದ ಹಿತ್ತಾಳೆಯನ್ನು ಮೆದು ಮಾಡುವುದು ನನಗೆ ಗೊತ್ತಿದ್ದ ಕೆಲಸ. ಉಳಿದ ಮೂವತ್ತೈದನ್ನೂ ತಟ್ಟೆಯ ನೀರಿನಲ್ಲಿ ಅರ್ಧ ಮುಳುಗುವಂತೆ ನಿಲ್ಲಿಸಿದೆ. ಬುಡ ತಣ್ಣಗೇ ಇರಬೇಕು, ಅದು ಮೆದುವಾದರೆ ಅಪಾಯ. ಕಿಟಕಿ ಮುಚ್ಚಿ, ಅರೆಗತ್ತಲಿನಲ್ಲಿ ಕುತ್ತಿಗೆಗೆ ದೀಪದ ಉರಿ ಊದಿ, ಮಂಕಾಗಿ ಕೆಂಪು ಕಂಡ ಕ್ಷಣವೇ ನೀರಿಗೆ ಕೆಡವಿದೆ. ಎರಡು ದಿನ ಅದೇ ಕೆಲಸ. ಮತ್ತೆ ಐದು ತುಂಬಿ ಅದೇ ಹಳ್ಳಕ್ಕೆ ಹೋದೆವು.

ಕುತ್ತಿಗೆಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ಐದನೆಯದು ಬೇರೆ ಸದ್ದು ಮಾಡಿತು. ಹೋಗಿ ನೋಡಿದರೆ ಬೋಲ್ಟು ಕಪ್ಪಾಗಿತ್ತು, ಹಿಂದೆ ಕಟ್ಟಿದ್ದ ಗೋಣಿಯಲ್ಲಿ ಸುಟ್ಟ ತೂತು. ತೋಟೆ ಬುಡದಿಂದ ಅರ್ಧ ಬೆರಳು ಮೇಲಿನವರೆಗೆ ಸೀಳಿತ್ತು. ಗೋಣಿಯ ಆ ತೂತು ಇದ್ದದ್ದು ಸರಿಯಾಗಿ ಹೊಡೆಯುವವನ ಕಣ್ಣು ಇರುವಲ್ಲಿ.

ಯಜಮಾನರು ಆ ತೂತಿಗೆ ಬೆರಳು ತೂರಿಸಿ ನೋಡಿದರು.

"ಮದ್ದು ಹೆಚ್ಚಾಯ್ತಾ?" ಎಂದರು ಅವರು.

"ಇಲ್ಲ. ಕಡಿಮೆಯೇ ಹಾಕಿದ್ದು."

"ಹಾಗಾದ್ರೆ ನಿನ್ನ ಅಚ್ಚು ಹಿಂಡಿದ್ದು ಹೆಚ್ಚಾಯ್ತು."

ಇದ್ದರೂ ಇರಬಹುದು ಎಂದು ಅಚ್ಚನ್ನು ಅಳೆದೆ, ಉಜ್ಜಿ ಅಳೆದೆ, ಮತ್ತೆ ಉಜ್ಜಿದೆ. ಒಂದು ವಾರ ಅದರಲ್ಲೇ ಹೋಯಿತು. ಅಚ್ಚಿನಲ್ಲಿ ತಪ್ಪಿರಲಿಲ್ಲ. ಹತ್ತರಲ್ಲಿ ಮೂರು ಸೀಳಿವೆ, ಏಳು ಗಟ್ಟಿಯಾಗಿವೆ, ಎಲ್ಲವೂ ಒಂದೇ ಡಬ್ಬದವು. ಕಾರಣ ಗೊತ್ತಾಗದೆ ಮುಂದೆ ಹೋಗಬಾರದು ಎಂದು ಡಿಪೋದಲ್ಲಿ ಕಲಿತದ್ದು. ಆದರೆ ಗೌಡರು ಪುತ್ತೂರಿಗೆ ಬಂದಾಗಲೆಲ್ಲ ಬಾಗಿಲಿನಿಂದಲೇ ಇಣುಕಿ "ಎಂತ, ಆಯ್ತಾ?" ಎನ್ನುತ್ತಿದ್ದರು. ಆಗುವುದಿಲ್ಲ ಎಂದು ಹೇಳುವುದಕ್ಕೆ ನನ್ನ ನಾಲಿಗೆ ಏಳುತ್ತಿರಲಿಲ್ಲ. ಮೊದಲ ದಿನವೇ ಆಗುತ್ತದೆ ಎಂದವನು ನಾನಲ್ಲವೆ.

"ಒಳ್ಳೆದಿದ್ದದ್ದು ಆರಿಸಿ ಕೊಡು ಮಾರಾಯ, ಹಾಳಾದ್ದು ಬಿಸಾಡು. ಇದಕ್ಕೆಂತ ಇಷ್ಟು ತಲೆಬಿಸಿ?" ಎಂದರು ಯಜಮಾನರು.

ಆ ಮಾತು ಹಿಡಿದುಕೊಂಡೆ. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರು ಬೆರಳಿನಿಂದ ತಟ್ಟಿ ನೋಡುತ್ತಾರಲ್ಲ, ಹಾಗೆ ಉಳಿದ ಮೂವತ್ತು ಖಾಲಿ ತೋಟೆಗಳನ್ನು ಒಂದೊಂದಾಗಿ ಅರೆಯುವ ಕಲ್ಲಿನ ಮೇಲೆ ಗೇಣು ಎತ್ತರದಿಂದ ಬಿಟ್ಟೆ. ಕೆಲವು ಗಂಟೆಯ ಹಾಗೆ ಠಣ್ ಎಂದವು. ಕೆಲವು ಒಡಕು ಸದ್ದು ಮಾಡಿದವು. ಒಡಕು ಎಂದವನ್ನೆಲ್ಲ ಬದಿಗೆ ಸರಿಸಿದೆ. ಚೆನ್ನಾಗಿ ನುಡಿದವುಗಳಲ್ಲಿ ಹನ್ನೆರಡನ್ನು ಆರಿಸಿ ತುಂಬಿದೆ. ನೋಡುವುದಕ್ಕೆ ಹೊಸದಾಗಿಯೇ ಇದ್ದವು. ಅವನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಾಗ ನನಗೆ ನನ್ನ ಮೇಲೆಯೇ ಮೆಚ್ಚುಗೆ ಬಂತು ಎಂದು ಈಗ ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಕಾರಣ ಗೊತ್ತಾಗಿರಲಿಲ್ಲ. ಕಾರಣದ ಬದಲಿಗೆ ಕಿವಿಯನ್ನು ನಂಬಿದ್ದೆ.

ಕೆಡ್ಡಸದ ಹಿಂದಿನ ದಿನ ಬೆಳಿಗ್ಗೆ ರೈಫಲ್ ಮತ್ತು ತೋಟೆ ಹಿಡಿದು, ಕಾಗದಪತ್ರ ಜೇಬಿನಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಹೊರಟೆ. ಇಳಿದಲ್ಲಿಂದ ಗದ್ದೆಯ ಹುಣಿಯ ಮೇಲೆ ನಡೆದು, ಹೊಳೆ ದಾಟಿ ಇಚಿಲಂಪಾಡಿಯ ಅವರ ಮನೆ ಮುಟ್ಟುವಾಗ ಮಧ್ಯಾಹ್ನ. ಗೌಡರ ತಾಯಿ ಅಂಗಳದಲ್ಲಿ ಕುಚ್ಚಲಕ್ಕಿ ಹುರಿದು ಹರಡುತ್ತಿದ್ದರು. ಅದನ್ನು ಪುಡಿ ಮಾಡಿ ಬೆಲ್ಲ, ಕಾಯಿ ಸೇರಿಸಿದರೆ ನನ್ನೆರಿ, ಕೆಡ್ಡಸದ ತಿಂಡಿ. ಅಜ್ಜಿಗೆ ಎಪ್ಪತ್ತು ದಾಟಿರಬೇಕು, ಧ್ವನಿ ಮಾತ್ರ ಗಟ್ಟಿ.

"ಬೇಟೆಯ ತೋಟೆ ತಂದವ್ರಾ? ಹಾಗಾದ್ರೆ ಕಾಲು ತೊಳ್ದು ಊಟಕ್ಕೆ ಕೂತ್ಕೊಳ್ಳಿ" ಎಂದರು.

ಊಟವಾದ ಮೇಲೆ ಗೌಡರು ಹನ್ನೆರಡು ತೋಟೆಗಳನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. ಮುಖ ಅರಳಿತು. "ಇನ್ನು ಇದನ್ನು ಅದರ ಜಾಗದಲ್ಲಿ ಇಡ್ವ, ಬನ್ನಿ. ನಮ್ಮ ಜಾಗ ನೀವೂ ನೋಡ್ಬೇಕು. ಎಂಥ ಮಳೆಗಾಲದಲ್ಲೂ ಒಂದು ಹನಿ ಥಂಡಿ ಇಲ್ಲ" ಎಂದು ಹೊರಗೆ ಕರೆದುಕೊಂಡು ಹೋದರು.

ಹೋದದ್ದು ದನದ ಹಟ್ಟಿಗೆ. ಹಟ್ಟಿಯ ಮೇಲೆ ಬಿದಿರಿನ ಅಟ್ಟ, ಅಟ್ಟದಲ್ಲಿ ಬೈಹುಲ್ಲು, ಹುಲ್ಲಿನ ನಡುವೆ ಒಂದು ಮರದ ಪೆಟ್ಟಿಗೆ.

"ಅಮ್ಮನ ಕಟ್ಟುನಿಟ್ಟು ಅದು. ಮದ್ದಿನ ಸಾಮಾನು ಒಲೆ ಇರುವ ಮಾಡಿನ ಅಡಿಯಲ್ಲಿ ಬೇಡ ಅಂತ. ರೈಫಲ್ ತಂದ ದಿನದಿಂದ ತುಂಬಿದ್ದು, ಖಾಲಿಯಾದದ್ದು, ತೋಟೆಯೆಲ್ಲ ಇಲ್ಲೇ. ಕೆಳಗೆ ದನಗಳ ಬಿಸಿಗೆ ಹುಲ್ಲೂ ಒಣ, ಪೆಟ್ಟಿಗೆಯೂ ಒಣ" ಎಂದರು ಗೌಡರು.

ಏಣಿ ಹತ್ತಿ ತಲೆ ಅಟ್ಟದ ಮೇಲೆ ಹಾಕಿದ ಕೂಡಲೇ ನನ್ನ ಕಣ್ಣು ಉರಿಯಿತು. ನಮ್ಮ ಕಡೆಯ ಹಟ್ಟಿ ಗೊತ್ತಲ್ಲ. ದಿನಾ ಸೊಪ್ಪು ಹಾಸುವುದು, ದನ ತುಳಿಯುವುದು, ಮೇಲಿಂದ ಮತ್ತೆ ಸೊಪ್ಪು. ಗದ್ದೆಗೆ ಹೊರುವ ದಿನದವರೆಗೆ ಗೊಬ್ಬರ ತೆಗೆಯುವುದೇ ಇಲ್ಲ, ಅದು ಮೊಣಕಾಲೆತ್ತರ ಬೆಳೆಯುತ್ತದೆ. ಆ ಗಂಜಳದ ಘಾಟು ಮೇಲೆ ಹೋಗಿ ಅಟ್ಟದಲ್ಲಿ ನಿಲ್ಲುತ್ತದೆ. ಹುಟ್ಟಿದಂದಿನಿಂದ ಮೂಗಿಗೆ ರೂಢಿಯಾದ ವಾಸನೆ, ಯಾರೂ ಅದನ್ನು ಒಂದು ವಿಷಯವೆಂದು ಎಣಿಸುವುದಿಲ್ಲ. ಕಣ್ಣೊರೆಸಿಕೊಳ್ಳುತ್ತಾ ಏಣಿಯ ಮೇಲೆ ನಿಂತಿದ್ದಾಗ ಡಿಪೋದ ಒಕ್ಕಣ್ಣಿನ ಹವಾಲ್ದಾರರ ಇನ್ನೊಂದು ಪಾಠ ನೆನಪಾಯಿತು. ಹಳೆಯ ಕಾಲದಲ್ಲಿ ದಂಡಿನವರು ಮಳೆಗಾಲಕ್ಕೆ ತೋಟೆಗಳನ್ನು ಕುದುರೆ ಲಾಯದಲ್ಲಿ ಇಟ್ಟಿದ್ದರಂತೆ. ಮಳೆ ಮುಗಿಯುವಾಗ ಹಿತ್ತಾಳೆ ತನ್ನಷ್ಟಕ್ಕೇ ಬಿರುಕು ಬಿಟ್ಟಿತ್ತಂತೆ. ಉಚ್ಚೆಯ ಘಾಟು ಹಿತ್ತಾಳೆಯ ಒಳಗೆ ಹೋಗಿ ಕೂರುತ್ತದೆ, ಹೊರಗೆ ಏನೂ ಕಾಣುವುದಿಲ್ಲ, ಯಾವ ತೋಟೆ ಯಾವ ದಿನ ಸೀಳುತ್ತದೆ ಎಂದು ಹೇಳುವುದಕ್ಕಾಗುವುದಿಲ್ಲ ಎಂದಿದ್ದರು. ನಾವು ಆಗ ನಕ್ಕಿದ್ದೆವು. ನಮ್ಮ ಡಿಪೋದಲ್ಲಿ ಕುದುರೆ ಎಲ್ಲಿತ್ತು?

ನಾಲ್ಕು ಮಳೆಗಾಲ. ನಲವತ್ತೂ ತೋಟೆ. ನಾನು ಕಲ್ಲಿನ ಮೇಲೆ ನುಡಿಸಿ ಆರಿಸಿದ ಹನ್ನೆರಡೂ ಇದೇ ಪೆಟ್ಟಿಗೆಯಲ್ಲಿ ಇದ್ದವು.

ಇಳಿದು ಬಂದು, "ಗೌಡ್ರೆ, ಈ ತೋಟೆ ನಿಮಗೆ ಕೊಡ್ಲಿಕ್ಕೆ ಆಗುದಿಲ್ಲ" ಎಂದೆ.

ಅವರು ತಮಾಷೆ ಎಂದುಕೊಂಡರು. ಹಳ್ಳದಲ್ಲಿ ಸೀಳಿದ್ದು, ಗೋಣಿಯ ತೂತು, ಕಲ್ಲಿನ ಸದ್ದು, ಹಟ್ಟಿಯ ಘಾಟು, ಎಲ್ಲವನ್ನೂ ಹೇಳಿದೆ. ಅವರ ಮುಖ ಬಿಗಿಯಿತು.

"ಬುಡ ಸೀಳಿದ್ದು ನಂಗೆ ಮೊದಲೇ ಯಾಕೆ ಹೇಳ್ಲಿಲ್ಲ?"

ನಾನು ಏಣಿಯನ್ನು ಸರಿಸಿ ಗೋಡೆಗೆ ಒರಗಿಸಿದೆ, ಅವರು ಬಿಡಲಿಲ್ಲ.

"ಈಗ, ನಾಳೆ ಕೆಡ್ಡಸ ಅನ್ನುವಾಗ, ದನದ ಉಚ್ಚೆಗೆ ತೋಟೆ ಹಾಳಾಯ್ತು ಅಂತೀರಿ. ನಾಳೆ ಜನರ ಎದುರು ನಾನು ಇದನ್ನು ಹೇಳಿದ್ರೆ ನಗ್ಲಿಕ್ಕಿಲ್ವ?"

"ಹೊಡೆದು ತೋರಿಸ್ತೇನೆ. ಆಗ ನೀವೇ ನೋಡಿ."

ಅಂಗಳದ ಕೆಳಗಿನ ಗದ್ದೆಯಲ್ಲಿ ಎತ್ತರದ ಕಟ್ಟಪುಣಿ, ಮಣ್ಣಿನ ದಪ್ಪ ಬದು, ಇತ್ತು. ರೈಫಲನ್ನು ನೊಗಕ್ಕೆ ಕಟ್ಟಿ, ಹುರಿ ಎಳೆದುಕೊಂಡು ಇಬ್ಬರೂ ಮರದ ಹಿಂದೆ ನಿಂತೆವು. ಅಜ್ಜಿ ಮೇಲಿನಿಂದ ಕೂಗಿದರು: "ಸೂರ್ಯ ಮುಳುಗುವ ಮೊದಲು ಮುಗ್ಸಿ. ಆಮೇಲೆ ಭೂಮಿಗೆ ಪೆಟ್ಟು ಮಾಡುವ ಹಾಗಿಲ್ಲ."

ಮೊದಲನೆಯದು ಹಾರಿತು. ತೋಟೆ ತೆಗೆದು ನೋಡಿದೆ, ಸರಿಯಾಗಿತ್ತು. ಎರಡನೆಯದೂ ಸರಿ. ಮೂರನೆಯದಕ್ಕೆ ಸೀಳಲಿ ದೇವರೇ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ಒಬ್ಬ ಕೆಲಸಗಾರ ತನ್ನ ಕೈಕೆಲಸ ಹಾಳಾಗಲಿ ಎಂದು ಬೇಡಿದ್ದು ಅದೇ ಮೊದಲಿರಬೇಕು. ಮೂರನೆಯದೂ ಸರಿ, ನಾಲ್ಕನೆಯದೂ ಸರಿ. ನಾಲ್ಕು ಗುಂಡೂ ಕಟ್ಟಪುಣಿಯಲ್ಲಿ ಒಂದು ಅಂಗೈ ಅಗಲದೊಳಗೆ ಬಿದ್ದಿದ್ದವು. ನಾನು ತುಂಬಿದ ತೋಟೆಗಳಲ್ಲಿ ಅಷ್ಟು ಒಳ್ಳೆಯವು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಗೌಡರು ಜೋರಾಗಿ ನಕ್ಕರು. "ಇನ್ನೆಂತ ಸಂಶಯ ಮಾರಾಯ್ರೆ? ನಿಮ್ಮ ಕೆಲಸವೇ ನಿಮಗೆ ಸಾಕ್ಷಿ ಹೇಳ್ತಾ ಉಂಟು!"

"ಎಂಟು ಉಳಿದಿದೆ. ಅದರಲ್ಲಿ ಯಾವುದು ಅಂತ ನಂಗೆ ಗೊತ್ತಿಲ್ಲ" ಎಂದೆ.

"ಎಂಟರಲ್ಲಿ ಒಂದೂ ಇಲ್ಲದೆಯೂ ಇರಬಹುದಲ್ಲ?"

"ಇರಬಹುದು."

"ಹಾಗಾದ್ರೆ ಕೊಡಿ."

"ಇಲ್ಲ."

ಅವರಿಗೆ ಸಿಟ್ಟು ಬಂದದ್ದು ಆಗ. ನೊಗದಿಂದ ಹುರಿ ಬಿಚ್ಚಿ, ರೈಫಲ್ ಎತ್ತಿ, ಉಳಿದ ಎಂಟರಲ್ಲಿ ಒಂದನ್ನು ತಾವೇ ಆರಿಸಿ, ಬೋಲ್ಟು ಹಾಕಿ ನನ್ನ ಕೈಗೆ ಕೊಟ್ಟರು. "ಮಾತು ಬೇಡ. ಇದನ್ನು ನೀವು ಭುಜಕ್ಕೆ ಇಟ್ಟು ಹೊಡೀರಿ. ತುಂಬಿದವ ಹೊಡೆದ್ರೆ ನಾಳೆ ನಾನೂ ಹೊಡೀತೇನೆ. ನೀವು ಹೊಡಿಯುದಿಲ್ಲ ಅಂದ್ರೆ ನಾನೂ ಹೊಡಿಯುದಿಲ್ಲ. ಆಯ್ತಲ್ಲ?"

ಹಿಡಿದುಕೊಂಡೆ. ಭುಜಕ್ಕೆ ಇಟ್ಟೆ, ಕೆನ್ನೆಯನ್ನು ಮರಕ್ಕೆ ಒತ್ತಿದೆ. ಕಟ್ಟಪುಣಿಯ ಮೇಲಿನ ನಾಲ್ಕು ತೂತು ಚೆನ್ನಾಗಿ ಕಾಣುತ್ತಿತ್ತು. ನನ್ನ ಕೊಬ್ಬು ಹೊಡಿ ಎನ್ನುತ್ತಿತ್ತು. ನಾಲ್ಕಕ್ಕೆ ನಾಲ್ಕೂ ಗಟ್ಟಿ, ಐದನೆಯದೂ ಗಟ್ಟಿಯೇ ಇರುತ್ತದೆ ಎನ್ನುತ್ತಿತ್ತು. ಹೊಡೆದು ಸರಿಯಾದರೆ ನನ್ನ ಮಾನವೂ ಉಳಿಯಿತು, ಅವರದೂ ಉಳಿಯಿತು. ಬೆರಳು ಕುದುರೆಯ ಮೇಲಿತ್ತು. ಬೋಲ್ಟಿನ ಸಂದಿ ನನ್ನ ಬಲಗಣ್ಣಿನಿಂದ ನಾಲ್ಕು ಬೆರಳು ದೂರ. ಬೆವರು ಇಳಿದು ಅದೇ ಕಣ್ಣಿಗೆ ಹೋಯಿತು. ಬೆರಳು ಎಳೆಯಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕೊನೆಗೆ ರೈಫಲ್ ಕೆಳಗಿಳಿಸಿ, ಬೋಲ್ಟು ಎಳೆದು ತೋಟೆಯನ್ನು ಹೊರಗೆ ತೆಗೆದೆ.

"ನಂಗೆ ಹೆದರಿಕೆ ಆಗ್ತದೆ ಗೌಡ್ರೆ" ಎಂದೆ. ಅಷ್ಟು ದೊಡ್ಡವನಾಗಿ ಇನ್ನೊಬ್ಬ ಗಂಡಸಿನ ಎದುರು ಆ ಮಾತು ಹೇಳಿದ್ದು ಅದೇ ಮೊದಲು.

ಅವರು ಬೈಯಲಿಲ್ಲ, ನಗಲೂ ಇಲ್ಲ. ನನ್ನ ಮುಖವನ್ನು ನೋಡಿದರು. ಎರಡು ತಾಸು ನಾನು ಹೇಳಿದ ಯಾವ ಮಾತನ್ನೂ ನಂಬದವರು ಆಗ ನಂಬಿದರು. ರೈಫಲ್ ತೆಗೆದುಕೊಂಡು, ಬೋಲ್ಟು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಕತ್ತಲೆ ಆಗ್ತಾ ಬಂತು. ಇವತ್ತು ಇಲ್ಲೇ ಉಳೀರಿ" ಎಂದು ಮನೆಯ ಕಡೆ ನಡೆದರು. ಹಟ್ಟಿಯ ವಿಷಯ ತಾಯಿಗೆ ಹೇಳಬೇಡಿ ಎಂದು ದಾರಿಯಲ್ಲಿ ಒಂದೇ ಮಾತು ಹೇಳಿದರು. ಹಳೆಯ ಹಿತ್ತಾಳೆ, ಬಾಳಿಕೆ ಬರುವುದಿಲ್ಲ ಎಂದಷ್ಟೇ ಅವರಿಗೆ ತಿಳಿಸಿದೆವು. ಅಜ್ಜಿ ನನಗೆ ಎರಡನೆಯ ಸಲ ನನ್ನೆರಿ ಹಾಕಿದರು.

ಬೆಳಿಗ್ಗೆ ಕಾಡಿನ ಅಂಚಿನ ಮೈದಾನದಲ್ಲಿ ಜನ ಸೇರಿದರು. ಮೂವತ್ತು ಮಂದಿ ಇದ್ದಿರಬಹುದು, ನಾಯಿಗಳು, ನಾಲ್ಕೈದು ಕೇಪಿನ ಕೋವಿ. ಗೌಡರು ಬರಿಗೈಯಲ್ಲಿ, ಹೆಗಲಿಗೊಂದು ಬೆವರೊರೆಸುವ ಬೈರಾಸು ಹಾಕಿಕೊಂಡು ಹೊರಟಿದ್ದರು. ನಾನು ಹಿಂದೆ ಹಿಂದೆ ಹೋದೆ. ನಡೆಯುತ್ತಾ ಒಂದು ಮಾತನ್ನು ಗಟ್ಟಿ ಮಾಡಿಕೊಂಡಿದ್ದೆ: ಕೇಳಿದರೆ ನಾನೇ ಮುಂದೆ ಹೋಗಿ, ತೋಟೆ ನನ್ನ ಕೈಯಲ್ಲಿ ಕೆಟ್ಟದ್ದು, ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು, ಇವರ ಮನೆಯ ಹಕ್ಕು ಹಾಗೇ ಇರಲಿ ಎಂದು ಹೇಳುವುದು. ತೋಟೆ ಕೆಟ್ಟಿತೆಂದು ಬಿಟ್ಟುಕೊಟ್ಟರೂ ಹಕ್ಕು ಹೋಗುತ್ತಿತ್ತೋ ಏನೋ. ಆದರೂ ಹೇಳುವುದು ನನ್ನ ಕೆಲಸವಾಗಿತ್ತು.

ಗ್ರಾಮದ ಹಿರಿಯರೊಬ್ಬರು ವಾಡಿಕೆಯಂತೆ ಕೇಳಿದರು, "ಮೊದಲ ಈಡಿನ ಗಂಡಿಗೆ ಯಾರು?"

ಕೇಳುವುದು ಶಾಸ್ತ್ರಕ್ಕೆ ಮಾತ್ರ. ಎಲ್ಲರೂ ಆಗಲೇ ಗೌಡರ ಕಡೆ ತಿರುಗಿದ್ದರು.

"ಹೊಳೆಯಾಚೆ ಮನೆಯವರು ನಿಲ್ಲಲಿ" ಎಂದರು ಗೌಡರು. "ನಂಗೆ ಈಗೀಗ ಕಣ್ಣು ಸರಿ ಕಾಣುದಿಲ್ಲ. ದೂರದ್ದು ಎರಡೆರಡು ಕಾಣ್ತದೆ. ಕೋವಿ ಹಿಡಿದು ಜನರ ನಡುವೆ ನಿಲ್ಲುದು ಸರಿಯಲ್ಲ."

ಹಿಂದಿನಿಂದ ಒಬ್ಬ, "ಮೊನ್ನೆ ಕೋಳಿಅಂಕದಲ್ಲಿ ಚೆಂದ ಕಾಣ್ತಿತ್ತಲ್ಲ ಗೌಡ್ರೆ?" ಎಂದ. ಎಲ್ಲರೂ ನಕ್ಕರು. ಗೌಡರೂ ನಕ್ಕರು. ಹೊಳೆಯಾಚೆ ಮನೆಯ ಯಜಮಾನ ಮಾತ್ರ ನಗಲಿಲ್ಲ. ಎರಡು ತಲೆಮಾರು ಕಾದದ್ದು ಹೀಗೆ ಕೈಗೆ ಬಂದರೆ ಏನು ಮಾಡಬೇಕೆಂದು ಅವರಿಗೂ ತೋಚಲಿಲ್ಲ ಎಂದು ಕಾಣುತ್ತದೆ. ಕೋವಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾ ನಿಂತಿದ್ದರು.

ನಾನು ಒಂದು ಹೆಜ್ಜೆ ಮುಂದೆ ಇಟ್ಟೆ. ಗೌಡರು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ನಿಲ್ಲಿಸಿಕೊಂಡರು. ನನ್ನ ಬಾಯಿ ತೆರೆಯುವ ಮೊದಲೇ ಅವರು ಜನರಿಗೆ ಹೇಳಿದರು: "ಇವರು ಪುತ್ತೂರಿನ ಕೋವಿ ರಿಪೇರಿಯವರು. ದಂಡಿನಲ್ಲಿ ಕಲ್ತವರು. ನಿನ್ನೆ ನಮ್ಮ ಗದ್ದೆಯಲ್ಲಿ ಇವರು ತುಂಬಿದ ತೋಟೆಯಲ್ಲಿ ನಾಲ್ಕಕ್ಕೆ ನಾಲ್ಕೂ ಒಂದೇ ಕಡೆ ಬಿದ್ದಿದೆ, ಹೋಗಿ ನೋಡಿ ಬೇಕಾದ್ರೆ. ನಿಮ್ಮ ಕೋವಿಗೆ ಎಂತಾದ್ರೂ ಉಂಟಾದ್ರೆ ಇವರಿಗೆ ತೋರ್ಸಿ. ನಂಬಿ ಕೊಡಬಹುದು."

ತೋಟೆ ಕೆಟ್ಟದ್ದು ಎಂದು ಅವರು ಆ ಬಯಲಿನಲ್ಲಿ ಒಂದು ಮಾತು ಆಡಿದ್ದರೆ ಸಾಕಿತ್ತು. ಸಂಜೆಯೊಳಗೆ ಅದು ಕಡಬ ಮುಟ್ಟುತ್ತಿತ್ತು, ನಾಲ್ಕು ದಿನದಲ್ಲಿ ಸುಳ್ಯ. ನನ್ನ ಕೈಗೆ ಒಬ್ಬನೂ ಕೋವಿ ಕೊಡುತ್ತಿರಲಿಲ್ಲ. ಅದು ಅವರಿಗೆ ಗೊತ್ತಿತ್ತು. ಈಗಲಾದರೂ ಹೇಳು ಎಂದುಕೊಂಡೆ. ಹೇಳಲಿಲ್ಲ. ಇಬ್ಬರು ತಮ್ಮ ಕೋವಿಯ ಕುದುರೆ ಸಡಿಲವಾಗಿದೆ ಎಂದು ಆಗಲೇ ನನ್ನ ಹತ್ತಿರ ಬಂದಿದ್ದರು. ನಾನು ಅವನ್ನು ತಿರುಗಿಸಿ ನೋಡತೊಡಗಿದೆ.

"ಬನ್ನಿ, ಬನ್ನಿ. ಸೋವಲಿಕ್ಕೆ ಜನ ಕಡಿಮೆ ಉಂಟು" ಎಂದು ಗೌಡರು ಒಂದು ಕೋಲನ್ನು ನನ್ನ ಕೈಗೆ ಕೊಟ್ಟು, ತಾವೂ ಒಂದು ಹಿಡಿದು, ಪ್ರಾಣಿ ಎಬ್ಬಿಸುವವರ ಸಾಲಿನ ಕೊನೆಗೆ ಹೋಗಿ ನಿಂತರು. ಇಬ್ಬರೂ ಕೂಗುತ್ತಾ ಕಾಡಿಗೆ ಇಳಿದೆವು. ಮಧ್ಯಾಹ್ನದ ಹೊತ್ತಿಗೆ ಗಂಡಿಯ ಕಡೆ ಹೊಳೆಯಾಚೆಯವರ ಕೋವಿ ಕೂಗಿತು. ಗೌಡರು ಒಂದು ಕ್ಷಣ ಕೂಗುವುದನ್ನು ನಿಲ್ಲಿಸಿದರು. ಆಮೇಲೆ ಮತ್ತೆ ಕೂಗಿದರು.

ಉಳಿದ ಎಂಟು ತೋಟೆಗಳ ಗುಂಡು ಕಿತ್ತು, ಮದ್ದು ಚೆಲ್ಲಿ, ಹಿತ್ತಾಳೆಯನ್ನು ಅಂಗಡಿಯಲ್ಲಿ ನಾನೇ ಸುತ್ತಿಗೆಯಿಂದ ಚಪ್ಪಟೆ ಮಾಡಿದೆ. ಅವುಗಳಲ್ಲಿ ಒಂದಾದರೂ ಸೀಳುವುದಿತ್ತೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ಆ ವರ್ಷ ಇಚಿಲಂಪಾಡಿಯಿಂದ ನಮ್ಮ ಅಂಗಡಿಗೆ ಐದು ಕೋವಿ ಬಂದವು, ಮರುವರ್ಷ ಅದಕ್ಕಿಂತ ಹೆಚ್ಚು. ಎಲ್ಲರೂ ಗೌಡರ ಹೆಸರು ಹೇಳಿಕೊಂಡೇ ಬಂದರು. ಮೊದಲ ಈಡು ಅವರ ಮನೆಗೆ ಮತ್ತೆ ಬರಲಿಲ್ಲ. ಪ್ರತಿ ಕೆಡ್ಡಸಕ್ಕೂ ಅವರು ಕೋಲು ಹಿಡಿದು ಸಾಲಿನ ಕೊನೆಯಲ್ಲಿ ನಿಂತರು. ಯಾರಾದರೂ ದೂರದ ಮರ ತೋರಿಸಿ "ಅದು ಕಾಣ್ತದಾ ಗೌಡ್ರೆ?" ಎಂದು ಕೀಟಲೆ ಮಾಡಿದರೆ, ಕಣ್ಣು ಕಿರಿದು ಮಾಡಿ, "ಎಲ್ಲಿ ಮಾರಾಯಾ?" ಎನ್ನುತ್ತಿದ್ದರು. ಸಾಯುವವರೆಗೂ ಅವರ ಕಣ್ಣಿಗೆ ಏನೂ ಆಗಿರಲಿಲ್ಲ.